ಟಿಡಿಎಸ್ ಮೀಟರಿಗೆ ಆಮ್ಲ, ಕ್ಷಾರ ತಿಳಿಯದು

ಮೈಸೂರಿನ ದಟ್ಟಗಳ್ಳಿಯಂಥ ಬಡಾವಣೆಗಳಲ್ಲಿ ನದಿನೀರಿನ ನಲ್ಲಿಯ ಜೊತೆಗೆ ಬೋರ್‌ವೆಲ್ ಇರುವ ಮನೆಗಳೂ ಉಂಟು. ಎರಡೂ ನೀರನ್ನು ತೂಗಿ ನೋಡಲು, ಕರಗಿದ ಒಟ್ಟು ಘನವಸ್ತುವಿನ (ಟಿಡಿಎಸ್) ಅಂಕಿ ತೋರಿಸುವ ಪೆನ್ನಿನಂಥ ಮೀಟರ್ ಈಗ ಬಂದಿದೆ. ಅಂಕಿ ಏರಿದರೆ ನೀರು ಆಮ್ಲೀಯವಾಯಿತೆ, ಕ್ಷಾರೀಯವಾಯಿತೆ? ಅದನ್ನು ಈ ಮೀಟರ್ ಹೇಳಲಾರದು.

ಅದರ ತುದಿಯಲ್ಲಿರುವುದು ಎರಡು ಲೋಹದ ಕಡ್ಡಿಗಳು. ನಡುವಿನ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಷ್ಟೇ ಅದರ ಅಳತೆ. ಕರಗಿದ ಲವಣದ ಅಯಾನುಗಳು ವಿದ್ಯುತ್ತನ್ನು ಒಯ್ಯುತ್ತವೆ. ಅವು ಯಾವ ಅಯಾನುಗಳೆಂದು ಮೀಟರ್ ವಿಚಾರಿಸುವುದಿಲ್ಲ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ನಿರ್ಧಾರವಾಗುವುದು ಮಾತ್ರ ಅವು ಯಾವುವು ಎಂಬುದರಿಂದಲೇ.

ಒಂದೊಂದು ಲೀಟರ್ ಶುದ್ಧ ನೀರಿಗೆ ಅರ್ಧರ್ಧ ಗ್ರಾಂ ಅಡುಗೆ ಉಪ್ಪು, ವಾಷಿಂಗ್ ಸೋಡ, ಪಟಿಕ ಹಾಕಿದಿರೆನ್ನಿ. ಮೀಟರ್ ಮೂರರಲ್ಲೂ ನೂರಾರು ಎಂದೇ ತೋರಿಸುತ್ತದೆ. ಉಪ್ಪಿನ ಸೋಡಿಯಂ, ಕ್ಲೋರೈಡ್ ಅಯಾನುಗಳು ನೀರಿನ ಅಣುವಿನ ತಂಟೆಗೆ ಹೋಗುವುದಿಲ್ಲ. ಪಿಎಚ್ ತಟಸ್ಥವಾದ 7ರ ಆಸುಪಾಸಿನಲ್ಲೇ ಉಳಿಯುತ್ತದೆ. ಸೋಡದ ಕಾರ್ಬನೇಟ್ ನೀರಿನಿಂದ ಹೈಡ್ರೋಜನ್ ಅಯಾನನ್ನು ಕಿತ್ತುಕೊಂಡು ಹೈಡ್ರಾಕ್ಸೈಡನ್ನು ಉಳಿಸುತ್ತದೆ. ಪಿಎಚ್ 10ನ್ನು ದಾಟುತ್ತದೆ. ಪಟಿಕದ ಅಲ್ಯೂಮಿನಿಯಂ ತನ್ನ ಸುತ್ತಲಿನ ನೀರಿನ ಅಣುಗಳಿಂದ ಹೈಡ್ರೋಜನ್ ಅಯಾನನ್ನು ಹೊರದೂಡುತ್ತದೆ. ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಪಿಎಚ್‌ನ ಒಂದು ಹೆಜ್ಜೆ ಎಂದರೆ ಹೈಡ್ರೋಜನ್ ಅಯಾನಿನ ಪ್ರಮಾಣದಲ್ಲಿ ಹತ್ತು ಪಟ್ಟು ವ್ಯತ್ಯಾಸ.

ಮೂರಕ್ಕೂ ಚಿಟಿಕೆ ಅರಿಶಿನ ಬೆರೆಸಿ. ಕ್ಷಾರೀಯವಾದ ಸೋಡದ ನೀರು ಮಾತ್ರ ಕೆಂಪಾಗುತ್ತದೆ. ಆರತಿಯ ನೀರಿಗೆ ಅರಿಶಿನದೊಡನೆ ಸುಣ್ಣ ಸೇರಿದಾಗ ಕೆಂಪೇರುವುದೂ ಇದೇ ಕಾರಣಕ್ಕೆ.

ಬೋರ್‌ವೆಲ್ ನೀರಿನ ಕಥೆ ಬೈಕಾರ್ಬನೇಟಿನದು. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬಂಡೆಯ ಖನಿಜಗಳನ್ನು ಕರಗಿಸುತ್ತದೆ. ಹೀಗೆ ಸೇರಿದ ಬೈಕಾರ್ಬನೇಟ್ ಆಮ್ಲವನ್ನೂ ಕ್ಷಾರವನ್ನೂ ತಡೆದುಕೊಳ್ಳಬಲ್ಲದು. ಆದ್ದರಿಂದಲೇ ಇಂಥ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7ರಿಂದ 8ರ ನಡುವೆ ನಿಲ್ಲುತ್ತದೆ. ಅದನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬನೇಟ್ ಗೀಸರಿನೊಳಗೆ ಬಿಳಿ ಪದರವಾಗಿ ಕೂರುತ್ತದೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರದ ಪೊರೆ ಬೈಕಾರ್ಬನೇಟನ್ನು ಹಿಡಿದಿಟ್ಟರೂ, ನೀರಿನಲ್ಲಿ ಆಮ್ಲವಾಗುವ ಇಂಗಾಲದ ಡೈಆಕ್ಸೈಡನ್ನು ತಡೆಯದು. ಹೀಗಾಗಿ ಟಿಡಿಎಸ್ ಇಳಿದ ಆರ್‌ಒ ನೀರು ಹೆಚ್ಚಾಗಿ ತುಸು ಆಮ್ಲೀಯವಾಗಿಯೇ ಬರುತ್ತದೆ.

ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಪಿಎಚ್ 6.5ರಿಂದ 8.5. ಟಿಡಿಎಸ್‌ಗೆ ಲೀಟರಿಗೆ 500 ಮಿಲಿಗ್ರಾಂ ಎಂಬ ಬೇರೆಯದೇ ಮಿತಿ ಇದೆ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ವಿನಾಯಿತಿ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಬೇಡಿ. ಶುದ್ಧೀಕರಣ ಯಂತ್ರ ಕೊಳ್ಳುವ ಮುನ್ನ ಪ್ರಯೋಗಾಲಯದಲ್ಲಿ ಪಿಎಚ್, ಗಡಸುತನ, ಕ್ಷಾರೀಯತೆ ಮೂರನ್ನೂ ಪರೀಕ್ಷಿಸಿಕೊಳ್ಳಿ.