ಕಿರಿದಾದ ಜಠರದ ಮುನಿಸು

ಮೈತೂಕವಿಳಿಸುವ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಮರಳಿದ ಗೃಹಿಣಿಯ ಮುಂದೆ ಲೋಟದ ತುಂಬ ತಿಳಿಸಾರು ಬರುತ್ತದೆ. ನಾಲ್ಕು ಗುಟುಕು ಇಳಿಯುವಷ್ಟರಲ್ಲಿ ಎದೆಯ ಕೆಳಗೆ ಏನೋ ಒತ್ತಿದಂತಾಗಿ, ಬಾಯಲ್ಲಿ ನೀರು ತುಂಬಿ, ಹೊಟ್ಟೆ ತೊಳಸತೊಡಗುತ್ತದೆ. “ಇನ್ನೊಂದು ಗುಟುಕು ಕುಡಿದುಬಿಡು, ಮೈಯಲ್ಲಿ ಶಕ್ತಿ ಬೇಡವೇ?” ಎನ್ನುತ್ತಾರೆ ಅತ್ತೆ. ಪ್ರೀತಿಯ ಮಾತೇ ಸರಿ. ಆದರೆ ಎಷ್ಟೋ ಬಾರಿ ವಾಂತಿಗೆ ದಾರಿಯಾಗುವುದು ಆ ಇನ್ನೊಂದು ಗುಟುಕೇ.

ಈ ಚಿಕಿತ್ಸೆ ಹೊಸದೇನಲ್ಲ. ಜಠರದ ಬಹುಭಾಗವನ್ನು ಬಿಟ್ಟು ಆಹಾರವನ್ನು ನೇರವಾಗಿ ಕರುಳಿಗೆ ಹಾಯಿಸುವ ‘ಬೈಪಾಸ್’ ಕ್ರಮವನ್ನು ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದರು. ಇಂದು ಹೆಚ್ಚು ಬಳಕೆಯಲ್ಲಿರುವುದು ‘ಸ್ಲೀವ್’. ಇದರಲ್ಲಿ ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿ ತೆಗೆದುಹಾಕಿ, ಉಳಿದುದನ್ನು ಅಂಗಿಯ ತೋಳಿನಂತೆ ನೀಳವಾದ ಕೊಳವೆಯನ್ನಾಗಿ ಮಾಡುತ್ತಾರೆ. ಲೀಟರುಗಟ್ಟಲೆ ಹಿಗ್ಗಬಲ್ಲ ಚೀಲವು ಪುಟ್ಟ ಕಾಫಿಲೋಟದಷ್ಟಕ್ಕೆ ಇಳಿಯುತ್ತದೆ. ಹೊಲಿಗೆಯ ಜಾಗವು ಮೊದಲ ಕೆಲವು ದಿನ ಊದಿಕೊಂಡಿರುವುದರಿಂದ ಆ ಅಳತೆಯೂ ಪೂರ್ತಿಯಾಗಿ ದೊರೆಯದು.

ಮೊದಲೆರಡು ದಿನಗಳ ಓಕರಿಕೆಗೆ ಅರಿವಳಿಕೆಯ ಪಾಲೂ ಉಂಟು. ಹೆಂಗಸರಲ್ಲಿ ಇದು ಹೆಚ್ಚು. ಆಗುಂಬೆಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂರುವವರಲ್ಲಿ ಇನ್ನೂ ಹೆಚ್ಚು. ಅಂಥವರು ಅದನ್ನು ಮುಂಚೆಯೇ ವೈದ್ಯರಿಗೆ ತಿಳಿಸಿದರೆ ತಕ್ಕ ಔಷಧವನ್ನು ಮೊದಲೇ ಕೊಡುತ್ತಾರೆ.

ಆಮೇಲಿನದು ಬಹುಪಾಲು ಅವಸರದ ಫಲ. ನೀರನ್ನು ಗಟಗಟನೆ ಕುಡಿಯಬಾರದು. ಔಷಧದ ಪುಟ್ಟ ಅಳತೆಬಟ್ಟಲಿನಲ್ಲಿ 30 ಮಿಲಿಲೀಟರು ಹಿಡಿದು, ನಿಧಾನವಾಗಿ ಗುಟುಕರಿಸಬೇಕು. ಓಕರಿಕೆಗೆ ಹೆದರಿ ನೀರನ್ನೇ ಬಿಡುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ದೇಹದಲ್ಲಿ ನೀರು ಬತ್ತಿದರೆ ಓಕರಿಕೆಯೇ ಹೆಚ್ಚುತ್ತದೆ. ಊಟದ ಜೊತೆಗೆ ನೀರು ಸಲ್ಲದು. ಉಂಡು ಅರ್ಧ ಗಂಟೆಯಾದ ಮೇಲೆ ಕುಡಿಯಬಹುದು. ತಿಳಿಯಿಂದ ಗಂಜಿಗೆ, ಗಂಜಿಯಿಂದ ಮೆತ್ತನೆಯ ಅಡುಗೆಗೆ ಏರಲು ವಾರಗಳೇ ಬೇಕು. ಮುದ್ದೆಗಟ್ಟುವ ಅನ್ನ, ಬ್ರೆಡ್ಡುಗಳು ಬೇಗ ಸಿಕ್ಕಿಕೊಳ್ಳುತ್ತವೆ. ಬೈಪಾಸ್ ಆದವರಿಗೆ ಹಬ್ಬದ ಪಾಯಸವೂ ಶತ್ರು. ಸಕ್ಕರೆಯು ಥಟ್ಟನೆ ಕರುಳಿಗಿಳಿದು ಬೆವರು, ಎದೆಬಡಿತ, ಓಕರಿಕೆಗಳನ್ನು ಒಟ್ಟಿಗೇ ತರುತ್ತದೆ. ಒಗ್ಗರಣೆಯ ವಾಸನೆಯೇ ಸಹಿಸದಾದರೆ ರೋಗಿಯನ್ನು ಅಡುಗೆಮನೆಯಿಂದ ದೂರವಿರಿಸುವುದು ಮೇಲು. ಬಿಕ್ಕಳಿಕೆಯೋ ಎದೆಯ ಒತ್ತಡವೋ ಕಂಡೊಡನೆ, ತಟ್ಟೆಯಲ್ಲಿ ಎಷ್ಟೇ ಉಳಿದಿರಲಿ, ಕೈ ತೊಳೆಯಬೇಕು. ಅನ್ನ ಚೆಲ್ಲಬಾರದೆಂದು ಕಲಿತು ಬೆಳೆದವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಆದರೆ ಎಲ್ಲ ಓಕರಿಕೆಯೂ ಸಹಿಸತಕ್ಕದ್ದಲ್ಲ. ಜ್ವರ, ಹೊಟ್ಟೆನೋವು, ನಾಡಿಯ ವೇಗ ಜೊತೆಗೂಡಿದರೆ ಹೊಲಿಗೆ ಸೋರುತ್ತಿರಬಹುದು, ಆಸ್ಪತ್ರೆಗೆ ಧಾವಿಸಲೇಬೇಕು. ಕುಡಿದ ನೀರೂ ನಿಲ್ಲದಿದ್ದರೆ ಜಠರದ ದಾರಿ ಕಿರಿದಾಗಿರುವ ಸಂಭವವುಂಟು.

ಹೆಚ್ಚಿನವರು ಅರಿಯದ ಅಪಾಯ ಇನ್ನೊಂದಿದೆ. ‘ಬಿ1’ ಜೀವಸತ್ತ್ವವಾದ ಥಯಾಮಿನ್ ದೇಹದಲ್ಲಿ ಸಂಗ್ರಹವಾಗಿರುವುದು ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ. ಉಂಡದ್ದು ನಿಲ್ಲದೆ, ಮಾತ್ರೆಯೂ ಹೊರಬರುತ್ತಿದ್ದರೆ ಅದು ಬರಿದಾಗುತ್ತದೆ. ಆಗ ದೃಷ್ಟಿ ಎರಡೆರಡಾಗಿ, ನಡಿಗೆ ತೂರಾಡಿ, ಮಾತು ತಡವರಿಸಿ ಬುದ್ಧಿ ಮಂಕಾಗುತ್ತದೆ. 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ವರ್ಣಿಸಿದ ಮಿದುಳಿನ ರೋಗವಿದು. ಮೂರು ಲಕ್ಷಣಗಳೂ ಒಟ್ಟಿಗೆ ಕಾಣಲೇಬೇಕೆಂದಿಲ್ಲ. ಮನೆಯವರು ಇದನ್ನು ನಿಶ್ಶಕ್ತಿಯೆಂದು ಬಗೆದು ಕಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಸಕಾಲದಲ್ಲಿ ಚುಚ್ಚುಮದ್ದಿನ ಮೂಲಕ ಥಯಾಮಿನ್ ಕೊಟ್ಟರೆ ಹೆಚ್ಚಿನ ಹಾನಿಯನ್ನು ತಪ್ಪಿಸಬಹುದು.

ರಾತ್ರಿ ಹೊತ್ತು ಸಮೀಪದ ಯಾವುದೋ ಚಿಕಿತ್ಸಾಲಯಕ್ಕೆ ಕರೆದೊಯ್ದಾಗ, ಸೊರಗಿದ ರೋಗಿಗೆ ಗ್ಲೂಕೋಸ್ ಏರಿಸುವುದು ವಾಡಿಕೆ. ಥಯಾಮಿನ್ ಇಲ್ಲದ ದೇಹಕ್ಕೆ ಬರಿಯ ಗ್ಲೂಕೋಸ್ ಈ ರೋಗವನ್ನು ಕೆರಳಿಸಬಹುದು. ಜೊತೆಗೆ ಹೋದವರು ಬಾಗಿಲಲ್ಲೇ ಎರಡು ಸಂಗತಿ ಹೇಳಬೇಕು: ಇಂಥ ಶಸ್ತ್ರಚಿಕಿತ್ಸೆ ಆಗಿದೆ, ಇಷ್ಟು ದಿನಗಳಿಂದ ವಾಂತಿಯಾಗುತ್ತಿದೆ.