ಒಂದೇ ಹುತ್ತ, ಇಬ್ಬರು ಗಿರಾಕಿಗಳು

ಹಂಪಿಯ ಪಕ್ಕದ ದರೋಜಿಯ ಕುರುಚಲು ಕಾಡಿನಲ್ಲಿ ಕರಡಿ ಹುತ್ತ ಬಗೆಯುವ ರೀತಿಯೇ ರೀತಿ. ಉಗುರಿನಿಂದ ಕೆದರಿ, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿಯನ್ನು ಕೊಳವೆ ಮಾಡಿ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಅದಕ್ಕಿಲ್ಲ. ಹೀರಲು ಆ ಸಂದಿಯೇ ದಾರಿ. ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಅದೇ ಊಟದ ಚಿಪ್ಪುಹಂದಿಗೆ ಇಷ್ಟು ಗದ್ದಲ ಬೇಡ. ಬಾಯಲ್ಲಿ ಒಂದೂ ಹಲ್ಲಿಲ್ಲ. ಉದ್ದನೆಯ ಅಂಟುನಾಲಗೆಯನ್ನು ಹುತ್ತದೊಳಕ್ಕೆ ಇಳಿಬಿಟ್ಟು ಎಳೆದುಕೊಳ್ಳುತ್ತದೆ. ಅರೆಯುವ ಕೆಲಸ ಹೊಟ್ಟೆಯದು, ಅಲ್ಲಿರುವ ಸಣ್ಣ ಕಲ್ಲುಗಳದು.

ಈ ಬಾಯಿಗಳು ಹಿಂದಿನ ವಿಜ್ಞಾನಿಗಳನ್ನು ಚೆನ್ನಾಗಿಯೇ ಏಮಾರಿಸಿದವು. 1791ರಲ್ಲಿ ಜಾರ್ಜ್ ಶಾ ನಮ್ಮ ಕರಡಿಯನ್ನು ದಕ್ಷಿಣ ಅಮೆರಿಕದ ಸ್ಲಾತ್‌ಗಳ ಸಾಲಿಗೆ ಸೇರಿಸಿದ. ಇಂಗ್ಲಿಷಿನ ‘ಸ್ಲಾತ್ ಬೇರ್’ ಆ ತಪ್ಪಿನ ಕುರುಹು. ಚಿಪ್ಪುಹಂದಿಯನ್ನೂ ಬಹುಕಾಲ ಅದೇ ಹಲ್ಲಿಲ್ಲದವರ ಗುಂಪಿನಲ್ಲಿ ಕೂರಿಸಿದ್ದರು. ಡಿಎನ್ಎ ಓದಿದಾಗ ಲೆಕ್ಕ ಮಗುಚಿತು. ಅದಕ್ಕೆ ಹತ್ತಿರದ ನೆಂಟರೆಂದರೆ ಹುಲಿ, ನಾಯಿ, ಕರಡಿಗಳಿರುವ ಮಾಂಸಾಹಾರಿ ಗಣ! ಹತ್ತಿರವೆಂದರೂ ಕವಲೊಡೆದು ಏಳೆಂಟು ಕೋಟಿ ವರ್ಷವಾಗಿರಬಹುದು. ಗೆದ್ದಲಿನ ರುಚಿ ಹತ್ತಿದ್ದು ಎರಡಕ್ಕೂ ಬೇರೆ ಬೇರೆಯಾಗಿ.

ಎರಡರ ಮರಿಗಳೂ ಅಮ್ಮನ ಮೇಲೆ ಸವಾರಿ ಮಾಡುತ್ತವೆ: ಕರಡಿಮರಿ ಬೆನ್ನಿನ ಮೇಲೆ, ಚಿಪ್ಪುಹಂದಿಯದು ಬಾಲದ ಬುಡದಲ್ಲಿ. ಅಪಾಯ ಬಂದಾಗ ಮಾತ್ರ ಸ್ವಭಾವ ಬೇರೆಯಾಗುತ್ತದೆ. ಕರಡಿ ಎದ್ದು ನಿಂತು ಮೇಲೆ ಬೀಳುತ್ತದೆ. ಚಿಪ್ಪುಹಂದಿ ಚೆಂಡಾಗಿ ಸುತ್ತಿಕೊಳ್ಳುತ್ತದೆ. ಹುಲಿ, ಚಿರತೆಗೂ ಆ ಚೆಂಡು ಬಿಚ್ಚುವುದು ಕಷ್ಟ. ಮನುಷ್ಯ ಬಿಚ್ಚುವುದೇ ಇಲ್ಲ, ಹಾಗೇ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ.

ಕಾನೂನಿನ ಕಣ್ಣಿಗೆ ಇಬ್ಬರೂ ಸಮಾನರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದ್ದಾರೆ. ಐಯುಸಿಎನ್ ಕೆಂಪುಪಟ್ಟಿಯಲ್ಲಿ ಕರಡಿಯದು ‘ದುರ್ಬಲ’ ಸ್ಥಿತಿ, ಭಾರತದ ಚಿಪ್ಪುಹಂದಿ ಇನ್ನೊಂದು ಮೆಟ್ಟಿಲು ಕೆಳಗೆ, ‘ಅಪಾಯದಂಚಿನಲ್ಲಿ’. ಕರಡಿಗೆ 1994ರಲ್ಲೇ ದರೋಜಿಯಲ್ಲಿ ಧಾಮವಾಯಿತು. ಮೂಗುದಾರ ಹಾಕಿ ಕುಣಿಸುವುದು 2009ರ ಹೊತ್ತಿಗೆ ಬಹುಮಟ್ಟಿಗೆ ನಿಂತಿತು. ಬಿಡಿಸಿ ತಂದವಕ್ಕೆ ಬನ್ನೇರುಘಟ್ಟದಲ್ಲಿ ನೆಲೆ ಸಿಕ್ಕಿತು. ಕಲ್ಲುಗಣಿ, ಹೊಲದಂಚಿನ ಜಗಳ ಇನ್ನೂ ಇವೆ, ನಿಜ. ಆದರೆ ಕಚ್ಚುವ ಪ್ರಾಣಿಯ ಸುದ್ದಿ ಸರ್ಕಾರಕ್ಕೆ ಬೇಗ ಮುಟ್ಟುತ್ತದೆ.

ಚಿಪ್ಪುಹಂದಿಯ ಚಿಪ್ಪು ಕೆರಾಟಿನ್, ನಮ್ಮ ಉಗುರಿನದೇ ವಸ್ತು. ಮದ್ದೆಂದು ಕೊಳ್ಳುವವರು ತಮ್ಮ ಉಗುರನ್ನೇ ಕತ್ತರಿಸಿ ಕುದಿಸಿಕೊಳ್ಳಬಹುದಿತ್ತು. 2016ರಲ್ಲಿ ಸೈಟಿಸ್ ಒಪ್ಪಂದದ ದೇಶಗಳು ಎಲ್ಲ ಎಂಟು ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಿದವು; 2020ರಲ್ಲಿ ಚೀನಾ ತನ್ನ ಔಷಧಕೋಶದ ಪಟ್ಟಿಯಿಂದ ಚಿಪ್ಪನ್ನು ತೆಗೆಯಿತು. ಕಳ್ಳದಂಧೆ ನಿಂತಿಲ್ಲ. ರಾತ್ರಿ ತಿರುಗಿ, ಹಗಲು ಬಿಲದಲ್ಲಿ ಮಲಗುವ ಇದನ್ನು ಎಣಿಸುವುದಂತೂ ದುಸ್ತರ. ನಮ್ಮಲ್ಲಿ ಹೆಚ್ಚಿನವರಿಗೆ ಅದರ ಮುಖ ಪರಿಚಯವಾಗುವುದು ಯಾರದೋ ಚೀಲ ಸಿಕ್ಕಿಬಿದ್ದ ಮರುದಿನದ ಪತ್ರಿಕೆಯಲ್ಲಿ.