ಕಿರು ಉಪಗ್ರಹಕ್ಕೊಂದು ಅಯೊಡೀನ್ ಎಂಜಿನ್ನು

ಉಪಗ್ರಹವನ್ನು ಒಮ್ಮೆ ಕಕ್ಷೆಗೆ ಸೇರಿಸಿಬಿಟ್ಟರೆ ಅದು ತಾನಾಗಿಯೇ ಸುತ್ತುತ್ತಿರುತ್ತದಷ್ಟೆ. ಅದಕ್ಕೆ ಎಂಜಿನ್ನಿನ ಅಗತ್ಯವೇನು? ಈ ಪ್ರಶ್ನೆ ಸಹಜವಾದುದೇ. ಆದರೆ ನೆಲದಿಂದ ೫೦೦ ಕಿಲೋಮೀಟರ್ ಎತ್ತರದಲ್ಲಿಯೂ ವಾಯುಮಂಡಲವು ಪೂರ್ಣವಾಗಿ ಮುಗಿದಿರುವುದಿಲ್ಲ. ಅಲ್ಲಿನ ಅತಿ ವಿರಳವಾದ ಅನಿಲವು ಉಪಗ್ರಹವನ್ನು ತಡೆದು, ಅದರ ಕಕ್ಷೆಯನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತದೆ. ಇದಕ್ಕಿಂತ ಗುರುತರವಾದ ಕಾರಣ ಇನ್ನೊಂದುಂಟು. ೨೦೦೯ರ ಫೆಬ್ರವರಿ ೧೦ರಂದು ಅಮೆರಿಕದ ‘ಇರಿಡಿಯಂ ೩೩’ ಮತ್ತು ಕೆಲಸ ನಿಲ್ಲಿಸಿದ್ದ ರಷ್ಯದ ‘ಕಾಸ್ಮಾಸ್ ೨೨೫೧’ ಉಪಗ್ರಹಗಳು ಸೈಬೀರಿಯದ ಮೇಲೆ ಡಿಕ್ಕಿ ಹೊಡೆದು ನುಚ್ಚುನೂರಾದುವು. ಆ ಚೂರುಗಳಲ್ಲಿ ಅನೇಕವು ಇಂದಿಗೂ ಸುತ್ತುತ್ತಲೇ ಇವೆ. ಪಕ್ಕಕ್ಕೆ ಸರಿಯಲಾರದ, ಕೆಲಸ ತೀರಿದ ಮೇಲೆ ಕೆಳಗಿಳಿಯಲಾರದ ಉಪಗ್ರಹವು ತನಗೂ ನೆರೆಯವರಿಗೂ ಅಪಾಯಕರವಾದುದು.

ಈಚೆಗೆ ಮೇಲೇರುತ್ತಿರುವ ಉಪಗ್ರಹಗಳಲ್ಲಿ ಹಲವು ಬಲು ಚಿಕ್ಕವು. ೧೯೯೯ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗಾಗಿ ರೂಪಿಸಿದ ‘ಕ್ಯೂಬ್‌ಸ್ಯಾಟ್’ ಪದ್ಧತಿಯಲ್ಲಿ, ಒಂದು ಘಟಕವೆಂದರೆ ಪ್ರತಿ ಪಕ್ಕವೂ ೧೦ ಸೆಂಟಿಮೀಟರ್ ಇರುವ ಘನ. ಅಂತಹ ಹನ್ನೆರಡನ್ನು ಜೋಡಿಸಿದರೂ ಆಗುವುದು ಒಂದು ಪ್ರಯಾಣದ ಪೆಟ್ಟಿಗೆಯಷ್ಟು. ಈ ಇಕ್ಕಟ್ಟಿನಲ್ಲಿ ಎಂಜಿನ್ನಿಗೆ ಎಡೆ ಮಾಡುವುದು ಹೇಗೆ?

ರಾಕೆಟ್ಟಿನ ತತ್ತ್ವವನ್ನು ನಾವೆಲ್ಲರೂ ಬಲ್ಲೆವು. ದ್ರವ್ಯವನ್ನು ಹಿಂದಕ್ಕೆ ಎಸೆದರೆ ಎಸೆದ ವಾಹನವು ಮುಂದಕ್ಕೆ ಸರಿಯುತ್ತದೆ. ಎಸೆಯುವ ವೇಗ ಹೆಚ್ಚಿದಷ್ಟೂ ಕಡಮೆ ದ್ರವ್ಯ ಸಾಕಾಗುತ್ತದೆ. ಇಂಧನವನ್ನು ಉರಿಸುವ ರಾಕೆಟ್ಟುಗಳಲ್ಲಿ ಈ ವೇಗವು ಸೆಕೆಂಡಿಗೆ ನಾಲ್ಕೂವರೆ ಕಿಲೋಮೀಟರನ್ನು ದಾಟುವುದು ಕಷ್ಟ. ರಾಸಾಯನಿಕ ಕ್ರಿಯೆಯಿಂದ ದೊರೆಯುವ ಶಕ್ತಿಯೇ ಅಷ್ಟು. ವಿದ್ಯುತ್ತಿಗೆ ಈ ಕಟ್ಟಿಲ್ಲ. ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತರೆ ಧನ ವಿದ್ಯುದಂಶವುಳ್ಳ ಅಯಾನು ಉಳಿಯುತ್ತದೆ. ಅದನ್ನು ವಿದ್ಯುತ್‌ಕ್ಷೇತ್ರದಲ್ಲಿ ಓಡಿಸಬಹುದು. ೧,೦೦೦ ವೋಲ್ಟುಗಳ ವಿಭವಾಂತರವನ್ನು ದಾಟಿದ ಅಯೊಡೀನ್ ಅಯಾನು ಸೆಕೆಂಡಿಗೆ ಸುಮಾರು ೩೯ ಕಿಲೋಮೀಟರ್ ವೇಗವನ್ನು ಪಡೆಯುವುದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು.

ಅಯಾನು ಎಂಜಿನ್ನು ಹೊಸದೇನೂ ಅಲ್ಲ. ೧೯೬೪ರ ಜುಲೈ ೨೦ರಂದು ಹಾರಿದ ಅಮೆರಿಕದ ‘ಸರ್ಟ್-೧’ ನೌಕೆಯಲ್ಲಿ ಅಂತಹ ಒಂದು ಎಂಜಿನ್ನು ೩೧ ನಿಮಿಷ ಕೆಲಸ ಮಾಡಿತ್ತು. ಮುಂದೆ ಬಂದ ಎಂಜಿನ್ನುಗಳಲ್ಲಿ ಕ್ಸೆನಾನ್ ಅನಿಲದ ಬಳಕೆ ಹೆಚ್ಚಾಯಿತು. ಆದರೆ ಗಾಳಿಯ ಒಂದು ಕೋಟಿ ಭಾಗಗಳಲ್ಲಿ ಕ್ಸೆನಾನ್ ಒಂದು ಭಾಗವೂ ಇಲ್ಲ. ಆದುದರಿಂದ ಅದರ ಬೆಲೆ ಹೆಚ್ಚು. ಮೇಲಾಗಿ ಅದನ್ನು ಭಾರಿ ಒತ್ತಡದಲ್ಲಿ, ಗಟ್ಟಿಮುಟ್ಟಾದ ತೊಟ್ಟಿಯಲ್ಲಿ ತುಂಬಬೇಕು. ಕಿರು ಉಪಗ್ರಹಕ್ಕೆ ಇದು ಹೊರಲಾರದ ಹೊರೆ.

ಇಲ್ಲಿಯೇ ಅಯೊಡೀನ್ ನೆರವಿಗೆ ಬರುತ್ತದೆ. ಅದರ ಪರಮಾಣು ಕ್ಸೆನಾನಿನಷ್ಟೇ ತೂಕದ್ದು. ಆದರೆ ಅದು ಘನವಸ್ತು. ಒತ್ತಡದ ತೊಟ್ಟಿ ಬೇಕಿಲ್ಲ. ಪ್ರಯೋಗಶಾಲೆಯಲ್ಲಿ ಅಯೊಡೀನನ್ನು ಕಾಯಿಸಿದರೆ ನೇರಳೆ ಬಣ್ಣದ ಆವಿಯೇಳುವುದನ್ನು ನಾವು ಕಂಡಿದ್ದೇವೆ. ಫ್ರಾನ್ಸಿನ ‘ಥ್ರಸ್ಟ್‌ಮೀ’ ಸಂಸ್ಥೆಯವರ ಎಂಜಿನ್ನು ನಡೆಯುವುದೂ ಈ ಗುಣದಿಂದಲೇ. ರಂಧ್ರಮಯವಾದ ಪಿಂಗಾಣಿಯಂತಹ ವಸ್ತುವಿನಲ್ಲಿ ಹುದುಗಿಸಿಟ್ಟ ಅಯೊಡೀನನ್ನು ಮೆಲ್ಲನೆ ಕಾಯಿಸುತ್ತಾರೆ. ಆವಿಯು ಒಂದು ಕೋಣೆಯನ್ನು ಹೊಕ್ಕಾಗ ರೇಡಿಯೋ ತರಂಗಗಳು ಅದನ್ನು ಅಯಾನುಗಳನ್ನಾಗಿ ಒಡೆಯುತ್ತವೆ. ವಿದ್ಯುತ್ ಹರಿಸಿದ ಜಾಲರಿಗಳು ಆ ಅಯಾನುಗಳನ್ನು ಹೊರಕ್ಕೆ ಚಿಮ್ಮಿಸುತ್ತವೆ. ಬರಿಯ ಧನ ಅಯಾನುಗಳನ್ನೇ ಹೊರಹಾಕಿದರೆ ಉಪಗ್ರಹದಲ್ಲಿ ಋಣ ವಿದ್ಯುದಂಶ ಉಳಿದು, ಅಯಾನುಗಳನ್ನು ಮರಳಿ ಸೆಳೆದೀತು. ಅದಕ್ಕಾಗಿ ಕಾದ ತಂತುವೊಂದು ಎಲೆಕ್ಟ್ರಾನುಗಳನ್ನೂ ಜೊತೆಜೊತೆಗೆ ಹೊರಬಿಡುತ್ತದೆ.

೨೦೨೦ರ ನವೆಂಬರಿನಲ್ಲಿ ಈ ಎಂಜಿನ್ನು ಸುಮಾರು ೨೦ ಕಿಲೋಗ್ರಾಂ ತೂಕದ ಚೀನೀ ಉಪಗ್ರಹವೊಂದರಲ್ಲಿ ಮೇಲೇರಿತು. ಅದರ ನೂಕುಬಲ ಸುಮಾರು ೦.೮ ಮಿಲಿನ್ಯೂಟನ್, ಎಂದರೆ ನಾಲ್ಕು ಅಕ್ಕಿಕಾಳುಗಳ ತೂಕದಷ್ಟು! ಇಷ್ಟರಿಂದ ಆಗುವುದೇನು? ಲೆಕ್ಕ ಮಾಡೋಣ. ೮೫ ನಿಮಿಷ ನೂಕಿದರೆ ವೇಗಕ್ಕೆ ಸೇರುವುದು ಸೆಕೆಂಡಿಗೆ ೨೦ ಸೆಂಟಿಮೀಟರ್ ಮಾತ್ರ. ಆದರೂ ೫೦೦ ಕಿಲೋಮೀಟರ್ ಎತ್ತರದಲ್ಲಿ ಇಷ್ಟು ನೂಕಿಗೆ ಕಕ್ಷೆಯು ಸುಮಾರು ೩೬೦ ಮೀಟರ್ ಮೇಲೇರಬೇಕು. ಅಂತರಿಕ್ಷದಲ್ಲಿ ಕಂಡುಬಂದುದೂ ಇದಕ್ಕೆ ಹೊಂದುತ್ತದೆ: ೮೦ರಿಂದ ೯೦ ನಿಮಿಷಗಳ ಪ್ರತಿ ಸರದಿಯಲ್ಲಿ ಎತ್ತರವು ೨೦೦ರಿಂದ ೪೦೦ ಮೀಟರಿನಷ್ಟು ಬದಲಾಯಿತು. ೧೧ ಸರದಿಗಳಲ್ಲಿ ಒಟ್ಟು ಬದಲಾವಣೆ ಮೂರು ಕಿಲೋಮೀಟರನ್ನು ಮೀರಿತು. ಈ ಫಲಿತಾಂಶಗಳು ೨೦೨೧ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದುವು.

ಎತ್ತರ ಹೆಚ್ಚಿದರೆ ಪರಿಭ್ರಮಣಕಾಲವೂ ಹೆಚ್ಚುತ್ತದೆ. ಆದುದರಿಂದ ೩೬೦ ಮೀಟರ್ ಮೇಲೇರಿದ ಉಪಗ್ರಹವು, ಹಳೆಯ ಕಕ್ಷೆಯಲ್ಲಿ ತಾನು ಇರಬೇಕಾಗಿದ್ದ ಸ್ಥಾನಕ್ಕಿಂತ ಪ್ರತಿ ಸುತ್ತಿನಲ್ಲಿಯೂ ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಬೀಳುತ್ತದೆ. ಒಂದು ದಿನದಲ್ಲಿ ಸುಮಾರು ೫೦ ಕಿಲೋಮೀಟರ್! ಒಂದು ದಿನ ಮೊದಲೇ ಎಚ್ಚರಿಕೆ ಸಿಕ್ಕಿದರೆ, ಡಿಕ್ಕಿಯನ್ನು ತಪ್ಪಿಸಲು ನಾಲ್ಕು ಅಕ್ಕಿಕಾಳುಗಳ ಬಲ ಸಾಕು.

ಈ ಎಂಜಿನ್ನು ನೆಲದಿಂದ ಒಂದು ಕಾಗದದ ಹಾಳೆಯನ್ನೂ ಎತ್ತಲಾರದು. ಅಯೊಡೀನ್ ಹಲವು ಲೋಹಗಳನ್ನು ತಿನ್ನುವುದರಿಂದ ಭಾಗಗಳನ್ನು ಜೋಪಾನವಾಗಿ ಆರಿಸಬೇಕು. ಕೊನೆಯ ಗಳಿಗೆಯಲ್ಲಿ ಎಚ್ಚರಿಕೆ ಬಂದರೆ ಇದರಿಂದ ಪ್ರಯೋಜನವೂ ಅಲ್ಪ. ನಮ್ಮಲ್ಲಿಯೂ ವಿದ್ಯುತ್ ಎಂಜಿನ್ನುಗಳ ಕೆಲಸ ನಡೆದಿದೆ. ೨೦೨೪ರ ಜನವರಿ ೧ರಂದು ಪಿಎಸ್‌ಎಲ್‌ವಿ-ಸಿ೫೮ ರಾಕೆಟ್ಟು ಬೆಂಗಳೂರಿನ ‘ಬೆಲಾಟ್ರಿಕ್ಸ್’ ಸಂಸ್ಥೆಯವರು ರಚಿಸಿದ, ಎಲೆಕ್ಟ್ರಾನುಗಳನ್ನು ಒದಗಿಸುವ ಕ್ಯಾಥೋಡನ್ನು ಪರೀಕ್ಷೆಗಾಗಿ ಕೊಂಡೊಯ್ದಿತು.

ಹನಿಗೂಡಿದರೆ ಹಳ್ಳವೆಂಬ ಗಾದೆ ನಮ್ಮದು. ತಡೆಯಿಲ್ಲದ ಅಂತರಿಕ್ಷದಲ್ಲಿ ಅತ್ಯಲ್ಪ ಬಲವೂ, ಬಿಡದೆ ವರ್ತಿಸಿದರೆ, ಕಾಲಕ್ರಮದಲ್ಲಿ ದೊಡ್ಡ ಫಲವನ್ನೇ ಕೊಡುತ್ತದೆ.